ಸರೋವರದ ದಂಡೆಯಲ್ಲಿ ನಾಗರ ಪಂಚಮಿ

ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯವರಿಗೆ ಶ್ರಾವಣ ಅಂದರೆ ಮೊದಲು ಪಂಚಮಿ. ದೀಪಾವಳಿಯನ್ನು ಅಮೆರಿಕದ ಯಾವ ಅಪಾರ್ಟ್‌ಮೆಂಟಿನಲ್ಲೂ ಮಾಡಬಹುದು, ಗಣಪತಿಯನ್ನೂ ಕೂಡ್ರಿಸಬಹುದು. ಪಂಚಮಿಗೆ ಮಾತ್ರ ಜೋಕಾಲಿ ಕಟ್ಟಲು ಗಟ್ಟಿ ಮರ ಬೇಕು, ಬಯಲು ಬೇಕು, ರೊಟ್ಟಿ ಹಂಚಲು ನೆರೆಮನೆ ಬೇಕು. ಮೂರನೇ ಮಹಡಿಯ ಮನೆಯಲ್ಲಿ ಅದು ಬೆಳ್ಳಿ ನಾಗಪ್ಪನಿಗೆ ಎರಡು ಚಮಚ ಹಾಲೆರೆದು ಆಫೀಸಿಗೆ ಓಡುವಷ್ಟಕ್ಕೇ ಇಳಿದುಬಿಡುತ್ತದೆ. ಅದಕ್ಕೇ ಮಿನ್ನೆಸೋಟಾದಲ್ಲಿರುವ ನಮ್ಮ ಕಡೆಯವರಿಗೆ ಹೇಳುವುದು ಒಂದೇ: ಬೇಸಿಗೆ ರಜೆಗೆ ಹೇಗೂ ಸರೋವರದ ಕ್ಯಾಬಿನ್‌ಗೆ ಹೋಗುತ್ತೀರಿ, ಆ ವಾರವನ್ನು ಪಂಚಮಿಗೆ ಹೊಂದಿಸಿಕೊಳ್ಳಿ. ಊರಿನ ಹಬ್ಬದ ಹೆಚ್ಚಿನ ಭಾಗ ಅಲ್ಲಿ ನಿಜವಾಗಿಯೂ ಆಗುತ್ತದೆ.

ಮಿನ್ನೆಸೋಟಾದಲ್ಲಿ ಹತ್ತು ಎಕರೆ ಮೀರಿದ ಸರೋವರಗಳೇ 11,842 ಇವೆ. ಬ್ರೇನರ್ಡ್, ವಾಕರ್ ಊರುಗಳ ಸುತ್ತಮುತ್ತ ಅವುಗಳ ದಂಡೆಗೆ ಹಳೆಯ ಕಾಲದ ಕುಟುಂಬ ರೆಸಾರ್ಟುಗಳಿವೆ. ಪೈನ್ ಹಲಗೆಯ ಕ್ಯಾಬಿನ್‌ಗಳು, ಒಳಗೆ ಅಡುಗೆಮನೆ, ಸೊಳ್ಳೆ ಪರದೆ ಹಾಕಿದ ಪಡಸಾಲೆ, ಅಂಗಳದಲ್ಲಿ ಬೆಂಕಿ ಹಾಕುವ ಕುಣಿ, ನೀರಿಗೆ ಇಳಿಯಲು ಕಟ್ಟಿಗೆಯ ಡಾಕ್. ಊಟ ಅವರು ಕೊಡುವುದಿಲ್ಲ, ನಾವೇ ಮಾಡಿಕೊಳ್ಳಬೇಕು. ನಮಗೆ ಬೇಕಾದದ್ದೂ ಅದೇ. ಬೇಸಿಗೆಯಲ್ಲಿ ಬಾಡಿಗೆ ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೆ. ಹಾಸಿಗೆ ಬಟ್ಟೆ, ಟವೆಲ್ ಎಷ್ಟೋ ಕಡೆ ನಾವೇ ಒಯ್ಯಬೇಕು, ಮೊದಲೇ ಕೇಳಿಕೊಳ್ಳಿ.

2025ರಲ್ಲಿ ಪಂಚಮಿ ಜುಲೈ 29, ಮಂಗಳವಾರ ಬಂದಿತ್ತು. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ಆಗಸ್ಟ್ 17, ಸೋಮವಾರಕ್ಕೆ ಸರಿದಿದೆ. ಶನಿವಾರದ ಲೆಕ್ಕಕ್ಕೆ ಇದು ಬಹಳ ಚಲೋ ಕೂಡುತ್ತದೆ: 15ರ ಶನಿವಾರ ಕ್ಯಾಬಿನ್ ಸೇರಿ ರೊಟ್ಟಿ ಹಬ್ಬ, ಭಾನುವಾರ ಚೌತಿಯ ಹಾಲು, ಸೋಮವಾರ ಪಂಚಮಿ, ಉಳಿದ ದಿನ ಬರೀ ರಜೆ. ತಿಥಿಯನ್ನು ಅಲ್ಲಿನ ಸೂರ್ಯೋದಯಕ್ಕೇ ನೋಡಬೇಕೆನ್ನುವ ಹಿರಿಯರಿದ್ದರೆ ದಿನ ಹಿಂದುಮುಂದಾಗಬಹುದು. ಊರಿನ ಕ್ಯಾಲೆಂಡರೋ ಇಲ್ಲಿನ ಪಂಚಾಂಗವೋ ಎನ್ನುವುದನ್ನು ಮುಂಗಡ ಕಟ್ಟುವ ಮೊದಲೇ ತೀರ್ಮಾನಿಸಿಬಿಡಿ. ಕ್ಯಾಬಿನ್ ಆರಿಸುವಾಗ ಮೀನು ಕೊಯ್ದು ತೊಳೆಯುವ ಶೆಡ್ಡಿನಿಂದ ದೂರ ಇರುವುದನ್ನು ಕೇಳಿ. ಅಡುಗೆಮನೆಯ ಪಾತ್ರೆಗಳಲ್ಲಿ ಹಿಂದಿನವರು ಮೀನು, ಮಾಂಸ ಬೇಯಿಸಿರುತ್ತಾರೆ. ಆದ್ದರಿಂದ ನೈವೇದ್ಯ ಮಾಡುವ ಮನೆಯವರು ಹಂಚು, ಕಬ್ಬಿಣದ ಬಾಣಲೆ, ಎರಡು ಬೋಗುಣಿ, ಪರಾತ, ಲಟ್ಟಣಿಗೆ ಸ್ವಂತದ್ದೇ ಒಯ್ಯಬೇಕು. ಕಿರಾಣಿ ಸಾಮಾನನ್ನು ಮಿನಿಯಾಪೊಲಿಸ್‌ನಲ್ಲೇ ಮುಗಿಸಿ. ಉತ್ತರಕ್ಕೆ ಹೋದಂತೆ ಕಡಲೆಬೇಳೆ, ಬೆಲ್ಲ, ಕೊಬ್ಬರಿ ಸಿಗುವ ಅಂಗಡಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ರೊಟ್ಟಿಯನ್ನು ಹೊರಡುವ ಮೊದಲೇ ಬಡಿದಿಟ್ಟುಕೊಳ್ಳುವುದು ಜಾಣತನ. ಹತ್ತು ಹನ್ನೆರಡು ಮಂದಿಗೆ 3 ಕಿಲೋ ಜೋಳದ ಹಿಟ್ಟಿನಲ್ಲಿ ಐವತ್ತರ ಆಸುಪಾಸು, 1 ಕಿಲೋ ಸಜ್ಜಿ ಹಿಟ್ಟಿನಲ್ಲಿ ಹದಿನೈದರ ಆಸುಪಾಸು ತೆಳು ಖಡಕ್ ರೊಟ್ಟಿ ಆಗುತ್ತವೆ. ಸಜ್ಜಿ ರೊಟ್ಟಿಗೆ ಎಳ್ಳು ಹಚ್ಚುವುದನ್ನು ಮರೆಯಬೇಡಿ. ಹಿಟ್ಟು ಹಳೆಯದಾದಷ್ಟು ಜಿಗಿ ಹೋಗಿ ಅಂಚು ಸೀಳುತ್ತದೆ. ಪೊಟ್ಟಣದ ಹಿಟ್ಟಾದರೆ ಎಸರು ಕುದಿಕುದಿಯುತ್ತಿರುವಾಗಲೇ ಹಾಕಿ, ಹತ್ತು ನಿಮಿಷ ಮುಚ್ಚಿಟ್ಟು, ಚೆನ್ನಾಗಿ ನಾದಿಯೇ ಬಡಿಯಬೇಕು. ಸರೋವರದ ಗಾಳಿಗೆ ಖಡಕ್ ರೊಟ್ಟಿ ಒಂದೇ ರಾತ್ರಿಯಲ್ಲಿ ಮೆತ್ತಗಾಗುತ್ತದೆ. ಬುಟ್ಟಿಯಲ್ಲಿ ಬಟ್ಟೆ ಮುಚ್ಚಿಡುವ ರೂಢಿ ಇಲ್ಲಿ ನಡೆಯುವುದಿಲ್ಲ, ಬಿಗಿ ಮುಚ್ಚಳದ ಡಬ್ಬಿಯೇ ಬೇಕು. ಮೆತ್ತಗಾದರೆ ಕ್ಯಾಬಿನ್ನಿನ ಓವನ್ನನ್ನು 250 ಡಿಗ್ರಿ ಫ್ಯಾರನ್‌ಹೀಟ್‌ಗೆ ಕಾಯಿಸಿ ಐದಾರು ನಿಮಿಷ ಒಳಗಿಟ್ಟು ತೆಗೆದರೆ ಮತ್ತೆ ಕಟಕಟ ಅನ್ನುತ್ತದೆ. ಅಲ್ಲೇ ಬಿಸಿ ರೊಟ್ಟಿ ಮಾಡುವ ಆಸೆ ಇದ್ದರೆ ಗ್ಯಾಸಿನ ಕ್ಯಾಂಪ್ ಒಲೆ ಒಯ್ಯಿರಿ. ಕ್ಯಾಬಿನ್‌ಗಳ ಸುರುಳಿ ಕಾಯಿಲಿನ ಕರೆಂಟ್ ಒಲೆಯಲ್ಲಿ ಉರಿ ಇಲ್ಲ, ಹಂಚಿನಿಂದ ತೆಗೆದ ರೊಟ್ಟಿ ಉಬ್ಬುವುದಿಲ್ಲ. ಜೊತೆಗೆ ಒಳಗಡೆ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಹೊಗೆಯ ಅಲಾರಂ ಬಡಿದುಕೊಳ್ಳುತ್ತದೆ. ಹೊರಗಡೆ ಟೇಬಲ್ ಮೇಲೆ ಒಲೆ ಇಟ್ಟುಕೊಂಡರೆ ಈ ಎರಡೂ ತಾಪತ್ರಯ ಇಲ್ಲ.

ಅಳ್ಳು, ಅಂದರೆ ಹುರಿದು ಅರಳಿಸಿದ ಜೋಳ, ಇಲ್ಲದ ಪಂಚಮಿ ಪಂಚಮಿಯೇ ಅಲ್ಲ, ಆದರೆ ಅಮೆರಿಕದಲ್ಲಿ ಬಹಳ ಜನ ಸೋಲುವುದು ಇಲ್ಲಿಯೇ. ಆರೋಗ್ಯ ಆಹಾರದ ಅಂಗಡಿಗಳಲ್ಲಿ ಸಿಗುವ ಜೋಳದಲ್ಲಿ ಎರಡು ಬಗೆ. ಹೊಳಪು ಬರುವಂತೆ ಮೇಲಿನ ಸಿಪ್ಪೆ ಉಜ್ಜಿ ತೆಗೆದ ಜೋಳ ಎಷ್ಟು ಹುರಿದರೂ ಅರಳುವುದಿಲ್ಲ. ಒಳಗಿನ ತೇವ ಆವಿಯಾಗಿ ಒತ್ತಡ ಕಟ್ಟಬೇಕಾದರೆ ಸಿಪ್ಪೆ ಇಡಿಯಾಗಿ ಇರಬೇಕು. ಸಿಪ್ಪೆ ಹೋದ ಕಾಳಿನಿಂದ ಆವಿ ಸುಮ್ಮನೆ ಸೋರಿಹೋಗುತ್ತದೆ. ಆದ್ದರಿಂದ ಇಡೀ ಕಾಳಿನ ಜೋಳವನ್ನೇ ನೋಡಿ ತನ್ನಿ, ಒಡೆದದ್ದನ್ನು ಆರಿಸಿ ತೆಗೆಯಿರಿ. ಕಾಲು ಕಿಲೋ ಜೋಳಕ್ಕೆ ಒಂದು ಲೀಟರ್ ನೀರು ಕುದಿಸಿ, ಒಲೆ ಆರಿಸಿ, ಜೋಳ ಹಾಕಿ ಎರಡೇ ನಿಮಿಷಕ್ಕೆ ಬಸಿಯಿರಿ. ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ನೆರಳಲ್ಲಿ ಹರವಿ, ಮೇಲಿನ ಪಸೆ ಆರಿ ಕಾಳು ಕೈಗೆ ಅಂಟದಂತಾದಾಗ ಹುರಿಯಲು ಸರಿ. ಬಿಸಿಲಿಗೆ ಒಣಗಿಸಿದರೆ ಒಳಗಿನ ತೇವವೂ ಹೋಗಿ ಮತ್ತೆ ಕೆಟ್ಟಿತು.

ಬಾಣಲೆ ಕಬ್ಬಿಣದ್ದು, ದಪ್ಪದ್ದು ಇರಬೇಕು. ಒಂದು ಹನಿ ನೀರು ಬಿದ್ದರೆ ಕುಣಿದು ಹಾರಿಹೋಗುವಷ್ಟು ಕಾಯಲಿ. ಒಂದು ಸಲಕ್ಕೆ ಎರಡು ಚಮಚ ಜೋಳ, ಅಷ್ಟೇ. ಕಟ್ಟಿಗೆ ತುದಿಗೆ ಬಟ್ಟೆ ಸುತ್ತಿದ ಕುಚ್ಚಿನಿಂದ ಬಿಡದೆ ತಿರುವಿ. ಅರ್ಧ ನಿಮಿಷದೊಳಗೆ ಬೆಳ್ಳಗೆ ಅರಳಿ ಹೊರಗೆ ಹಾರತೊಡಗುತ್ತವೆ, ತೂತಿನ ಮುಚ್ಚಳ ಅಡ್ಡ ಹಿಡಿಯಿರಿ. ಮುಷ್ಟಿಗಟ್ಟಲೆ ಸುರಿದರೆ ಬಾಣಲೆ ತಣ್ಣಗಾಗಿ ಜೋಳ ಅರಳುವ ಬದಲು ಕೆಂಪಗೆ ಹುರಿದು ಕೂರುತ್ತದೆ. ಕಾಯಿಲ್ ಒಲೆಯಲ್ಲಿ ಕಳೆದುಹೋದ ಕಾವು ಮತ್ತೆ ಏರಲು ತಡವಾಗುವುದರಿಂದ ಅಲ್ಲಿ ಈ ತಪ್ಪು ಇನ್ನೂ ಹೆಚ್ಚು. ಅರಳದೆ ಉಳಿದ ಕಾಳನ್ನು ಜರಡಿ ಹಿಡಿದು ಬೇರೆ ಮಾಡಿ. ಮಕ್ಕಳ ಹಲ್ಲಿಗೆ ಸಿಕ್ಕರೆ ಕಲ್ಲೇ. ಅಳ್ಳಿನಲ್ಲಿ ಸ್ವಲ್ಪ ತೆಗೆದು ಮಿಕ್ಸರಿನಲ್ಲಿ ಪುಡಿ ಮಾಡಿಟ್ಟರೆ ಹಾಲು ಬೆಲ್ಲದ ಜೊತೆ ಅಳ್ಳಿಟ್ಟು ಆಯಿತು.

ಉಂಡಿಗಳನ್ನು ಮನೆಯಿಂದಲೇ ಕಟ್ಟಿಕೊಂಡು ಹೋಗಿ: ಶೇಂಗಾ ಉಂಡಿ, ಬೇಸನ್ ಉಂಡಿ, ಅಂಟಿನ ಉಂಡಿ, ತಂಬಿಟ್ಟು. ಎಳ್ಳು ಚಿಗಳಿಗೆ ಒಂದು ಬಟ್ಟಲು ಎಳ್ಳಿಗೆ ಮುಕ್ಕಾಲು ಬಟ್ಟಲು ಬೆಲ್ಲ. ಮಿಕ್ಸರನ್ನು ಬಿಟ್ಟು ಬಿಟ್ಟು ತಿರುವಬೇಕು. ಒಂದೇ ಸಮ ತಿರುವಿದರೆ ಎಣ್ಣೆ ಬಿಟ್ಟು ಲೇಹ್ಯವಾಗುತ್ತದೆ, ಉಂಡಿ ನಿಲ್ಲುವುದಿಲ್ಲ.

ಇನ್ನು ನಾಗಪ್ಪ. ಊರಿನ ಎರೆಮಣ್ಣು ಒಂದು ಮುಷ್ಟಿ ತರೋಣ ಎಂದು ಹಿರಿಯರಿಗೆ ಅನ್ನಿಸುವುದು ಸಹಜ. ಆದರೆ ಪರವಾನಗಿ ಇಲ್ಲದೆ ಹೊರದೇಶದ ಮಣ್ಣನ್ನು ಅಮೆರಿಕದೊಳಗೆ ತರುವಂತಿಲ್ಲ, ವಿಮಾನ ನಿಲ್ದಾಣದಲ್ಲೇ ಹೋಗುತ್ತದೆ. ದಂಡೆಯ ಮಣ್ಣನ್ನು ಅಗೆಯುವುದೂ ಬೇಡ. ಅದು ಹೆಚ್ಚಾಗಿ ಮರಳು, ಗರಸು, ಹಿಡಿದರೆ ಕೂಡುವುದಿಲ್ಲ. ಮೇಲಾಗಿ ನಾಗರ ಪಂಚಮಿಯಲ್ಲಿ ನೆಲ ಅಗೆಯಬಾರದು ಎನ್ನುವುದು ನಮ್ಮದೇ ನೇಮ. ಕುಂಬಾರಿಕೆ ಸಾಮಾನಿನ ಅಂಗಡಿಯಲ್ಲಿ ಸಿಗುವ ಕೆಂಪು ಹಸಿ ಜೇಡಿಮಣ್ಣು ತನ್ನಿ, ಅರ್ಧ ಕಿಲೋ ಸಾಕು. ಕಿರುಬೆರಳ ದಪ್ಪದ ಬತ್ತಿ ಹೊಸೆದು ಮೂರು ಸುತ್ತು ಸುರುಳಿ ಮಾಡಿ, ಹೆಡೆಯನ್ನು ಬೇರೆಯಾಗಿ ತಟ್ಟಿ ಅರ್ಧ ಗಂಟೆ ಆರಲು ಬಿಡಿ. ಹಸಿ ಹೆಡೆಯನ್ನು ಕೂಡಲೇ ನಿಲ್ಲಿಸಿದರೆ ಬಾಗಿ ಬೀಳುತ್ತದೆ. ಕೂಡಿಸುವಾಗ ಎರಡೂ ಕಡೆ ಕಡ್ಡಿಯಿಂದ ಗೀರಿ, ನೀರಲ್ಲಿ ಕದಡಿದ ಮಣ್ಣು ಹಚ್ಚಿ ಒತ್ತಿದರೆ ಬಿರುಕು ಬಿಡುವುದಿಲ್ಲ. ಕಣ್ಣಿಗೆ ಎರಡು ಜೋಳದ ಕಾಳು.

ಪೂಜೆಗೆ ಹಂಗನೂಲು ಎಂಬ ಹತ್ತಿಯ ದಾರ, ನೆನೆಗಡಲಿ, ಚಿಗಳಿ, ತಂಬಿಟ್ಟು, ಅಳ್ಳು. ಕೊಬ್ಬರಿ ಬಟ್ಟಲಲ್ಲಿ ಬೆಲ್ಲ ಇಟ್ಟು ಹಾಲಲ್ಲಿ ಅದ್ದಿ, ದೇವರ ಪಾಲು, ಗುರುವಿನ ಪಾಲು, ಅಜ್ಜನ ಪಾಲು, ಅವ್ವನ ಪಾಲು ಎಂದು ಒಬ್ಬೊಬ್ಬರ ಹೆಸರಲ್ಲಿ ಎರೆಯುವಾಗ ಊರಲ್ಲಿರುವವರ ಹೆಸರನ್ನು ಮಕ್ಕಳ ಬಾಯಿಂದಲೇ ಹೇಳಿಸಿ. ಕಂಡೇ ಇರದ ದೊಡ್ಡಪ್ಪ, ಸೋದರತ್ತೆಯರ ಹೆಸರು ಮಕ್ಕಳಿಗೆ ಗಟ್ಟಿಯಾಗುವುದು ಹೀಗೆಯೇ. ಬೆಳಿಗ್ಗೆ ಎಂಟಕ್ಕೆ ಹಾಲೆರೆದರೆ ಬಾಗಲಕೋಟೆಯಲ್ಲಿ ಸಂಜೆ ಆರೂವರೆ. ವಿಡಿಯೋ ಕರೆಗೆ ಹದವಾದ ಹೊತ್ತು. ಸಿಗ್ನಲ್ ಕ್ಯಾಬಿನ್ನಿನೊಳಗಿಗಿಂತ ರೆಸಾರ್ಟಿನ ಆಫೀಸಿನ ಹತ್ತಿರ ಚಲೋ ಸಿಗುವುದುಂಟು.

ನಾಗಪ್ಪನನ್ನು ಪರಾತದಲ್ಲಿ ಇಟ್ಟೇ ಹಾಲೆರೆಯಿರಿ. ಹಾಲು, ಹೂವು, ಮಣ್ಣು ಯಾವುದನ್ನೂ ಸರೋವರಕ್ಕೆ ಬಿಡಬೇಡಿ. ಹಾಲು ಕೊಳೆಯುವಾಗ ನೀರಿನ ಆಮ್ಲಜನಕ ತಿನ್ನುತ್ತದೆ, ಅದರಲ್ಲಿರುವ ರಂಜಕ ಪಾಚಿಗೆ ಗೊಬ್ಬರವಾಗುತ್ತದೆ. ಹಾಲಿಗೆ ನೀರು ಬೆರೆಸಿ ದಂಡೆಯಿಂದ ದೂರ ಮರದ ಬುಡಕ್ಕೆ ಹಾಕಿ. ಬೆಲ್ಲ, ಉಂಡಿ, ಕಡಲಿಯನ್ನು ಮಾತ್ರ ಮರದಡಿ ಬಿಡಲೇಬಾರದು. ಉತ್ತರ ಮಿನ್ನೆಸೋಟಾದ ಕಾಡಲ್ಲಿ ಕಪ್ಪು ಕರಡಿಗಳಿವೆ, ಸಿಹಿ ವಾಸನೆ ಹಿಡಿದು ಅಂಗಳಕ್ಕೇ ಬರುತ್ತವೆ. ಹುತ್ತ ಹುಡುಕುವ ಕೆಲಸವೂ ಬೇಡ, ನಮ್ಮ ಗೆದ್ದಲು ಹುತ್ತ ಅಲ್ಲಿಲ್ಲ. ಹುಲ್ಲಲ್ಲಿ ಕಾಣುವ ಪಟ್ಟೆ ಪಟ್ಟೆಯ ಗಾರ್ಟರ್ ಹಾವಿನಿಂದ ಮನುಷ್ಯರಿಗೆ ಅಪಾಯವಿಲ್ಲ. ಕೈಮುಗಿದು ದಾರಿ ಬಿಟ್ಟರಾಯಿತು. ದೀಪವನ್ನು ಕಟ್ಟಿಗೆ ಮನೆಯೊಳಗೆ ಹಚ್ಚುವಂತಿಲ್ಲ ಎಂಬ ನಿಯಮ ಇದ್ದರೆ ಗಾಜಿನ ಲಾಟೀನಿನಲ್ಲಿಟ್ಟು ಹೊರಗಡೆಯೇ ಪೂಜೆ ಮಾಡಿ.

ಜೋಕಾಲಿಗೆ ಮಾಲೀಕರ ಒಪ್ಪಿಗೆ ಮುಂಗಡ ಕಟ್ಟುವಾಗಲೇ ಕೇಳಿ, ಅಲ್ಲಿಗೆ ಹೋದ ಮೇಲಲ್ಲ. ಎಷ್ಟೋ ಕಡೆ ಬೇಡ ಅನ್ನುತ್ತಾರೆ. ಆಗ ಮಕ್ಕಳ ಆಟದ ಜಾಗದಲ್ಲಿರುವ ಕಬ್ಬಿಣದ ಜೋಕಾಲಿಗೇ ಹೂವು ಕಟ್ಟಿ ಹಬ್ಬ ಮಾಡಬೇಕು. ಒಪ್ಪಿದರೆ ಮರದ ಆಯ್ಕೆಯೇ ಮುಖ್ಯ. ಊರಲ್ಲಿ ಬೇವು, ಹುಣಸಿ ಮರಕ್ಕೆ ಕಣ್ಣುಮುಚ್ಚಿ ಕಟ್ಟುತ್ತೇವೆ. ಇಲ್ಲಿ ಆ ನಂಬಿಕೆ ಓಕ್, ಮೇಪಲ್ ಎರಡಕ್ಕೇ ಸಲ್ಲುತ್ತದೆ. ಪೈನ್ ಮರದ ಟೊಂಗೆ ತೆಳ್ಳಗೆ, ಕಾಂಡಕ್ಕೆ ಸೇರುವಲ್ಲೇ ಮುರಿಯುತ್ತದೆ. ಬರ್ಚ್, ಆಸ್ಪೆನ್ ನೋಡಲು ಚಂದ, ಭಾರಕ್ಕೆ ಬಾರದು. ಆಶ್ ಮರವನ್ನು ಮುಟ್ಟಲೇಬೇಡಿ. ಎಮರಾಲ್ಡ್ ಆಶ್ ಬೋರರ್ ಎಂಬ ಹಸಿರು ಕೀಟ ಒಳಗಿಂದ ಕೊಂದ ಮರದ ಟೊಂಗೆ ಸದ್ದಿಲ್ಲದೆ ಕಳಚಿ ಬೀಳುತ್ತದೆ. ಅದೇ ಕೀಟದ ಕಾರಣಕ್ಕೆ ಮನೆಯಿಂದ ಉರುವಲು ಕಟ್ಟಿಗೆಯನ್ನೂ ಒಯ್ಯಬಾರದು, ರೆಸಾರ್ಟಿನಲ್ಲೇ ಕೊಳ್ಳಬೇಕು.

ಟೊಂಗೆ ಹಸಿರೆಲೆ ತುಂಬಿದ್ದಿರಬೇಕು, ಎಂಟು ಇಂಚಿಗಿಂತ ದಪ್ಪ, ನೆಲದಿಂದ ಹನ್ನೆರಡು ಹದಿನೈದು ಅಡಿ ಎತ್ತರ. ಕಾಂಡದಿಂದ ನಾಲ್ಕೈದು ಅಡಿ ಆಚೆ ಕಟ್ಟಿ: ಇನ್ನೂ ಒಳಗಾದರೆ ಜೀಕುವವರು ಕಾಂಡಕ್ಕೆ ಬಡಿಯುತ್ತಾರೆ, ಇನ್ನೂ ಹೊರಗಾದರೆ ಟೊಂಗೆ ಜಗ್ಗುತ್ತದೆ. ಹಗ್ಗ ಅರ್ಧ ಇಂಚಿನ ಹೆಣೆದ ಪಾಲಿಯೆಸ್ಟರ್, ಐವತ್ತು ಅಡಿ, ನಡುವೆ ಕತ್ತರಿಸಿ ಎರಡು. ಹಳದಿ ಪ್ಲಾಸ್ಟಿಕ್ ಹಗ್ಗ ಅಗ್ಗ, ಆದರೆ ಗಂಟು ಜಾರುತ್ತದೆ, ಬಿಸಿಲಿಗೆ ಪುಡಿಯಾಗುತ್ತದೆ, ನೈಲಾನ್ ಹಿಗ್ಗುತ್ತದೆ. ಮರ ಹತ್ತುವ ಅಗತ್ಯವಿಲ್ಲ. ಸಣ್ಣ ಚೀಲಕ್ಕೆ ಮರಳು ತುಂಬಿ ತೆಳು ದಾರ ಕಟ್ಟಿ ಟೊಂಗೆ ಮೇಲಿಂದ ಎಸೆಯಿರಿ, ಆ ದಾರದಿಂದ ಹಗ್ಗ ಎಳೆದುಕೊಳ್ಳಿ. ತುದಿಯಲ್ಲಿ ಬೌಲಿನ್ ಎಂಬ ಜಾರದ ಗಂಟಿನ ಕುಣಿಕೆ ಮಾಡಿ, ಹಗ್ಗದ ಇನ್ನೊಂದು ತುದಿಯನ್ನು ಅದರೊಳಗೆ ತೂರಿಸಿ ಎಳೆದರೆ ಕುಣಿಕೆ ಮೇಲೇರಿ ಟೊಂಗೆಗೆ ಬಿಗಿದುಕೊಳ್ಳುತ್ತದೆ. ಮಣೆಯನ್ನು ಮೊದಲ ದಿನ ನೆಲದಿಂದ ಎರಡು ಅಡಿ ಮೇಲೆ ಕಟ್ಟಿ, ಗಂಟು ಬಿಗಿಯುತ್ತ ಅದು ತಾನೇ ಒಂದಿಷ್ಟು ಇಳಿಯುತ್ತದೆ. ಇಬ್ಬರು ದೊಡ್ಡವರು ಜೋತುಬಿದ್ದು ನೋಡಿದ ಮೇಲೆಯೇ ಮಕ್ಕಳಿಗೆ ಕೊಡಿ. ಎದುರುಬದುರು ನಿಂತು ಜೀಕುವ ಊರಿನ ಗಮ್ಮತ್ತಿಗೆ ಈ ಎತ್ತರ ಸಾಲದು, ಒಬ್ಬೊಬ್ಬರೇ ಆಡಿ. ಇಳಕಲ್ ಸೀರೆ ಉಟ್ಟ ವೈನಿ, ಅತ್ತಿಯರು ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿಕೊಳ್ಳಲಿ, ಮಣೆ ಮತ್ತು ಹಗ್ಗದ ಸಂದಿಗೆ ಸಿಕ್ಕುವುದು ಸೆರಗೇ. ನೀರಿನ ಕಡೆ ತೂಗುವಂತೆ ಕಟ್ಟಬೇಡಿ. ದಂಡೆಯ ನೀರು ಮೊಣಕಾಲುದ್ದ, ಕೆಳಗೆ ಕಲ್ಲು.

ಪಂಚಮಿಯ ದಿನ ಹಂಚು ಇಡುವುದಿಲ್ಲ, ಹುರಿಯುವುದು, ಕರಿಯುವುದು, ಹೆಚ್ಚುವುದು ಇಲ್ಲ. ಒಗ್ಗರಣೆಯೂ ಇಲ್ಲ ಎನ್ನುವ ಮನೆಗಳಿವೆ. ತರಕಾರಿಯನ್ನು ಭಾನುವಾರವೇ ಹೆಚ್ಚಿಡಿ. ಸೋಮವಾರಕ್ಕೆ ಕುಚ್ಚಿದ ಕಡಬು: ಎರಡು ಬಟ್ಟಲು ಕಡಲೆಬೇಳೆಗೆ ಒಂದೂವರೆ ಬಟ್ಟಲು ಬೆಲ್ಲದ ಹೂರಣ, ಗೋಧಿ ಹಿಟ್ಟಿನ ಕಣಕ, ಹದಿನೈದು ನಿಮಿಷ ಹಬೆ. ಮುಸುಕಿನ ಜೋಳದ ತೆನೆ ಬೇಯಿಸಲೆಂದು ಕ್ಯಾಬಿನ್‌ಗಳಲ್ಲಿ ದೊಡ್ಡ ಬೋಗುಣಿ ಇರುವುದುಂಟು. ಅದನ್ನು ಚೆನ್ನಾಗಿ ತಿಕ್ಕಿ ತೊಳೆದು, ಮೇಲೆ ನಿಮ್ಮ ಸ್ವಂತದ ತೂತಿನ ಬುಟ್ಟಿ ಇಟ್ಟು ಬಟ್ಟೆ ಹಾಸಿದರೆ ಹಬೆಪಾತ್ರೆ ಸಿದ್ಧ. ಹೂರಣ ನೀರಾದರೆ ಅಂಚು ಬಿಚ್ಚಿಕೊಳ್ಳುತ್ತದೆ, ಚಮಚ ನಿಲ್ಲುವಷ್ಟು ಗಟ್ಟಿಯಾಗುವವರೆಗೆ ಕುದಿಸಿ.

ಹುಡುಗರಿಗೆ ಕೊಬ್ಬರಿ ಬಟ್ಟಲಿಗೆ ಎರಡು ತೂತು ಕೊರೆದು ದಾರ ಪೋಣಿಸಿ ಕೊಡಿ, ತಿರುಗಿಸುತ್ತ ಸಂಜೆಯವರೆಗೆ ಆಡುತ್ತಾರೆ. ನಿಂಬೆಹಣ್ಣು ಎಸೆಯುವ ಪಂದ್ಯವನ್ನು ರೆಸಾರ್ಟಿನ ಒಳರಸ್ತೆಯಲ್ಲಿ ಇಟ್ಟುಕೊಳ್ಳಿ: ಡಾಕ್‌ನಿಂದ ಗೇಟಿನವರೆಗೆ ಎಷ್ಟು ಎಸೆತ ಎಂದು ಮೊದಲೇ ಪಣ ಕಟ್ಟಬೇಕು. ದೋಣಿ ಹತ್ತುವುದಾದರೆ ಹತ್ತು ವರ್ಷದೊಳಗಿನ ಮಕ್ಕಳಿಗೆ ಲೈಫ್ ಜಾಕೆಟ್ ಅಲ್ಲಿನ ಕಾನೂನು.

ರೊಟ್ಟಿ ಹಂಚುವುದನ್ನು ಬಿಡಲೇಬೇಡಿ. ಪಕ್ಕದ ಕ್ಯಾಬಿನ್ನಿನವರಿಗೆ ಒಂದು ತಟ್ಟೆಯಲ್ಲಿ ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಝುಣಕ, ಎಣ್ಣೆಗಾಯಿ, ಮೊಸರು ಕೊಡಿ. ಶೇಂಗಾ ಹಿಂಡಿ, ಶೇಂಗಾ ಉಂಡಿ ಕೊಡುವ ಮೊದಲು ಆ ಮನೆಯಲ್ಲಿ ಯಾರಿಗಾದರೂ ಶೇಂಗಾ ಆಗುವುದಿಲ್ಲವೇ ಎಂದು ಕೇಳಲೇಬೇಕು; ಅಲ್ಲಿ ಅದು ಜೀವಕ್ಕೆ ಎರವಾಗುವ ಅಲರ್ಜಿ. ಎಣ್ಣೆಗಾಯಿಯ ಮಸಾಲೆಗೂ ಶೇಂಗಾ ಬಿದ್ದಿರುತ್ತದೆ, ಅದನ್ನು ಮರೆಯಬಾರದು. ಬಹಳ ಸಲ ತಟ್ಟೆ ಖಾಲಿ ಹಿಂದಿರುಗುವುದಿಲ್ಲ, ಬ್ಲೂಬೆರಿಯೋ ಮನೆಯಲ್ಲಿ ಮಾಡಿದ ಕುಕಿಯೋ ಬರುತ್ತದೆ.

ಶುಕ್ರವಾರ ಸಂಜೆ ಹಗ್ಗ ಬಿಚ್ಚಿ, ನಾಗಪ್ಪನನ್ನು ಬಕೆಟ್ ನೀರಲ್ಲಿ ಕರಗಿಸಿ ಮರದ ಬುಡಕ್ಕೆ ಸುರಿದುಬಿಡಿ. ಶನಿವಾರ ಬೆಳಿಗ್ಗೆ ಒಂಬತ್ತು ಹತ್ತರೊಳಗೆ ಕ್ಯಾಬಿನ್ ಗುಡಿಸಿ ಬಿಡಬೇಕು, ಆಗ ಇದಕ್ಕೆ ಹೊತ್ತು ಸಿಗುವುದಿಲ್ಲ. ಇದೇ ವಾರ ಮುಂದಿನ ವರ್ಷವೂ ಬೇಕೇ ಎಂದು ಎಷ್ಟೋ ರೆಸಾರ್ಟಿನವರು ಹೊರಡುವಾಗಲೇ ಕೇಳುತ್ತಾರೆ. ಪಂಚಮಿ ಪ್ರತಿವರ್ಷ ಸರಿಯುವುದರಿಂದ ಸುಮ್ಮನೆ ಹೂಂ ಅನ್ನದೆ, ಪಂಚಾಂಗ ನೋಡಿ ಬೇಕಾದ ವಾರವನ್ನೇ ಹೇಳಿ ಬರೆಸಿ ಬನ್ನಿ.