ಎದ್ದು ಬಿದ್ದು ಓಡಿದವನ ಹಿಂದೆ

ಭಾನುವಾರ, 12 ಜನವರಿ 2025

ಇಂದು ಕಾದಂಬರಿಯ ನಲವತ್ತು ಪುಟಗಳನ್ನಾದರೂ ಮುಗಿಸಬೇಕೆಂದು ಕುಳಿತವಳು ಒಂದೇ ಸಾಲಿನಲ್ಲಿ ನಿಂತುಬಿಟ್ಟೆ. ನಿಲ್ಲಿಸಿದವಳು ಮಗಳು. ಭುಜಕ್ಕೆ ಒರಗಿಕೊಂಡು, ಪುಟದ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು: “ಹುಡುಗ ಎದ್ದು ಬಿದ್ದು ಓಡಿದ.” ಬೆರಳು ಅಲ್ಲೇ ಉಳಿಯಿತು.

“ಅಮ್ಮಾ, ಓಡು–ಓಡಿ, ಹಾಡು–ಹಾಡಿ. ಹಾಗಾದರೆ ಏಳು–ಏಳಿ, ಬೀಳು–ಬೀಳಿ ಆಗಬೇಕಲ್ಲ? ಈ ‘ದ್ದು’ ಎಲ್ಲಿಂದ ಬಂತು?”

ಇಷ್ಟು ವರ್ಷ ಎದ್ದು, ಬಿದ್ದು ಎಂದು ಬರೆಯುತ್ತಲೇ ಇದ್ದೇನೆ, ಒಮ್ಮೆಯೂ ಈ ಪ್ರಶ್ನೆ ಹೊಳೆದಿರಲಿಲ್ಲ. ಕಾದಂಬರಿಯನ್ನು ಮಗುಚಿಟ್ಟು ವ್ಯಾಕರಣದ ಪುಸ್ತಕ ತೆಗೆದೆ.

ಉತ್ತರ ಸತ್ತುಹೋದ ಒಂದು ಅಕ್ಷರದಲ್ಲಿದೆ. ಏಳು, ಬೀಳು ಎಂದು ನಾವು ಬರೆಯುವಲ್ಲಿ ಹಳಗನ್ನಡದಲ್ಲಿ ಇದ್ದದ್ದು ಳ ಅಲ್ಲ, ೞ. ತಮಿಳರ ಬಾಯಲ್ಲಿ ಅವರ ಭಾಷೆಯ ಹೆಸರಿನ ಕೊನೆಗೆ ಇಂದಿಗೂ ಕೇಳಿಸುವ ದನಿ ಅದು. ಕನ್ನಡದಲ್ಲಿ ಎರಡು ಸ್ವರಗಳ ನಡುವೆ ಇದ್ದ ೞ ಮೆಲ್ಲಗೆ ಳ ಆಯಿತು. ಆದರೆ ಇನ್ನೊಂದು ವ್ಯಂಜನಕ್ಕೆ ಅಂಟಿಕೊಂಡಿದ್ದಾಗ ಅದು ಬೇರೆ ದಾರಿ ಹಿಡಿಯಿತು: ಬಿೞ್ದು ಮೊದಲು ಬಿರ್ದು ಆಯಿತು, ಆಮೇಲೆ ಬಿದ್ದು. ಎೞ್ದು ಹೀಗೆಯೇ ಎರ್ದು ಆಗಿ ಎದ್ದು ಆಯಿತು. ಅಂದರೆ ಆ ‘ದ್ದು’ವಿನ ಮೊದಲ ದಕಾರದೊಳಗೆ ೞ ಕರಗಿದೆ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ೞ ಇರುವ ಪದಗಳನ್ನು ಪಟ್ಟಿ ಮಾಡಿಕೊಟ್ಟಿದ್ದಾನೆ. ಯಾವ ಪದದಲ್ಲಿ ಯಾವ ಅಕ್ಷರ ಎಂಬ ಗೊಂದಲ ಆಗಲೇ ಶುರುವಾಗಿರಬೇಕು, ಇಲ್ಲದಿದ್ದರೆ ಪಟ್ಟಿ ಏಕೆ? ಕೈಜಾರುತ್ತಿರುವುದನ್ನು ಹಿಡಿದಿಡಲು ಒಬ್ಬ ಪಂಡಿತ ಪದಗಳನ್ನು ಒಂದೊಂದಾಗಿ ಎಣಿಸುತ್ತ ಕುಳಿತದ್ದನ್ನು ನೆನೆದರೆ ನನಗೆ ಮನಸ್ಸು ತುಂಬಿ ಬರುತ್ತದೆ.

ಈ ಅಕ್ಷರದ ಕಷ್ಟ ಇಷ್ಟಕ್ಕೇ ಮುಗಿಯಲಿಲ್ಲ. ಕಂಪ್ಯೂಟರುಗಳಿಗೆ ಅಕ್ಷರಗಳನ್ನು ಗೊತ್ತುಪಡಿಸುವ ಯುನಿಕೋಡ್ ಪಟ್ಟಿಯಲ್ಲಿ ೞ ಸೇರಿರುವುದು ‘ಕನ್ನಡ ಅಕ್ಷರ ಫ’ ಎಂಬ ತಪ್ಪು ಹೆಸರಿನಲ್ಲಿ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮ ಇರುವುದರಿಂದ, ಇದು ತಪ್ಪು ಎಂಬ ಟಿಪ್ಪಣಿಯನ್ನು ಪಕ್ಕದಲ್ಲಿ ಸೇರಿಸಿ ಹಾಗೆಯೇ ಉಳಿಸಿದ್ದಾರೆ.

ಮಗಳಿಗೆ ಇಷ್ಟು ಹೇಳಿದ್ದೇ ತಡ, ತಾನೇ ಬೇಟೆಗೆ ಹೊರಟಳು. ಅಳು–ಅತ್ತು ಸಿಕ್ಕಿತು. ಉಳು–ಉತ್ತು, ಕೀಳು–ಕಿತ್ತು ಕೂಡ ಸಿಕ್ಕವು. ಮೂರರಲ್ಲಿಯೂ ೞ ಇತ್ತು. ಕೇಳು–ಕೇಳಿ, ಆಳು–ಆಳಿ ಎಂಬಲ್ಲಿ ಮೊದಲಿನಿಂದಲೂ ಳ. ಹಾಗಾದರೆ ಹೇಳು? ಅಲ್ಲಿ ನಿಜಕ್ಕೂ ಪೇೞ್ ಇತ್ತು, ಹಳಗನ್ನಡದಲ್ಲಿ ಪೇೞ್ದು ಎಂದೇ ಇದೆ. ಆದರೂ ಅದು ಎದ್ದು, ಬಿದ್ದುಗಳ ಜೊತೆ ಹೋಗದೆ ‘ಹೇಳಿ’ ಆಯಿತು. ಅವಳಿಗೆ ಬೇಸರವಾಯಿತು. ನನಗೆ ಇಂಥ ತಪ್ಪಿಸಿಕೊಂಡ ಪದಗಳೇ ಹೆಚ್ಚು ಪ್ರೀತಿ.

ನನ್ನ ಪದಗಳ ನೋಟ್‌ಪುಸ್ತಕದಲ್ಲಿ ಇಂದು ಎರಡು ಪುಟ ತುಂಬಿತು. ಹಿಂದಿನ ಪುಟದಲ್ಲಿ ‘ಕಾರ್ತ್ಸ್ನ್ಯ’ ಇದೆ: ಪೂರ್ತಿಯಾಗಿರುವುದು ಎಂದು ಅರ್ಥ, ರ ತ ಸ ನ ಯ ಐದು ವ್ಯಂಜನಗಳು ಒಂದರ ಮೇಲೊಂದು ಹೇರಿಕೊಂಡಿವೆ. ಅದಕ್ಕೂ ಹಿಂದೆ ‘ಹೊತ್ತಗೆ’. ಪುಸ್ತಕವೇ ಪ್ರಾಕೃತದ ನಾಲಿಗೆಯಲ್ಲಿ ಮೆದುವಾಗಿ, ಕನ್ನಡದಲ್ಲಿ ಪೊತ್ತಗೆಯಾಗಿ, ಪಾಲು ಹಾಲಾದಂತೆ, ಪೂ ಹೂವಾದಂತೆ ಪಕಾರ ಕಳೆದುಕೊಂಡು ಹೊತ್ತಗೆಯಾದದ್ದು.

ಮಧ್ಯಾಹ್ನವೆಲ್ಲ ಒಂದು ವಿಷಯ ಕಾಡಿತು. ಅವಳು ಗಟ್ಟಿಯಾಗಿ ಓದದಿದ್ದರೆ ಆ ಸಾಲನ್ನು ನಾನು ದಾಟಿ ಹೋಗಿರುತ್ತಿದ್ದೆ. ಸುಮಾರು 1,600 ವರ್ಷಗಳ ಹಿಂದೆ ಕ್ರೈಸ್ತ ಚಿಂತಕ ಅಗಸ್ಟೀನ್, ಮಿಲಾನಿನ ಬಿಷಪ್ ಆಂಬ್ರೋಸ್ ಓದುವ ರೀತಿಯನ್ನು ಬೆರಗಿನಿಂದ ಬರೆದಿಟ್ಟಿದ್ದಾನೆ: ಕಣ್ಣು ಪುಟದ ಮೇಲೆ ಹರಿಯುತ್ತಿತ್ತು, ನಾಲಿಗೆ ಸುಮ್ಮನಿತ್ತು. ನಮಗೀಗ ಅದೇ ರೂಢಿ; “ಮನಸ್ಸಿನಲ್ಲಿ ಓದಿಕೋ” ಎಂದು ನಾನೇ ಮಗಳಿಗೆ ಎಷ್ಟು ಸಲ ಹೇಳಿಲ್ಲ! ಕಣ್ಣಿಗೆ ಕಥೆ ಮುಂದೆ ಸಾಗುವ ಅವಸರ. ಪದವನ್ನು ತಡೆದು ನಿಲ್ಲಿಸಿ ವಿಚಾರಿಸುವುದು ಕಿವಿ. ನಾಳೆಯಿಂದ ದಿನಕ್ಕೆ ಒಂದು ಪುಟವಾದರೂ ಇಬ್ಬರೂ ದನಿ ತೆಗೆದು ಓದುವುದೆಂದು ಮಾತಾಗಿದೆ.

ಮಲಗುವ ಮುಂಚೆ ಕಾದಂಬರಿಯಲ್ಲಿ ಗುರುತಿನ ಚೀಟಿ ಇಡಲು ಹೋದೆ. ಬೆಳಿಗ್ಗೆ ಬಿಟ್ಟ ಪುಟದಲ್ಲೇ ಇದ್ದೆ. ಮಗಳು ಬಗ್ಗಿ ಪುಟಸಂಖ್ಯೆ ಓದಿದಳು, “ಎಪ್ಪತ್ತು.” ಹೊದಿಕೆ ಎಳೆದುಕೊಂಡು ಒಂದು ಕ್ಷಣ ಸುಮ್ಮನಿದ್ದವಳು ಮತ್ತೆ ಎದ್ದು ಕುಳಿತಳು.

“ಅಮ್ಮಾ, ಏಳು ಹತ್ತು ಸೇರಿ ಎಪ್ಪತ್ತು ಹೇಗಾಯಿತು? ಳ ಎಲ್ಲಿ ಹೋಯಿತು? ಇಲ್ಲಿಯೂ ಅದೇ ಇತ್ತೇ?”

ಇತ್ತು. ಎೞ್ಪತ್ತು. ದೀಪ ಮತ್ತೆ ಹಾಕಿದೆ.