ವಾಗ್ಮಿ ಮತ್ತು ವಾಚಾಳಿ

ಮೊದಲ ಉದ್ಯೋಗದ ಅರ್ಜಿಯಲ್ಲಿ ನಾನು ವಾಗ್ಮಿಯೆಂದು ಹೇಳಿಕೊಳ್ಳಲು ಹೋಗಿ, ‘ಎಲಕ್ವೆಂಟ್’ ಎನ್ನಬೇಕಾದಲ್ಲಿ ‘ಲೊಕ್ವೇಶಸ್’ ಎಂದು ಬರೆದಿದ್ದೆ. ಸಂದರ್ಶಕರು ಅದನ್ನು ಓದಿ, ನಗು ತಡೆದುಕೊಂಡು, “ತಾವು ವಾಚಾಳಿಯೇ?” ಎಂದು ಕೇಳಿದರು. ಪದಪಟ್ಟಿಯನ್ನು ಅಕಾರಾದಿಯಾಗಿ ಉರುಹೊಡೆದುದರ ಫಲವದು.

ಎರಡೂ ಪದಗಳು ‘ಮಾತನಾಡು’ ಎಂಬರ್ಥದ ಒಂದೇ ಲ್ಯಾಟಿನ್ ಧಾತುವಿನಿಂದ ಬಂದವು. ಆಡುಮಾತಿನದೆಂದು ಸೂಚಿಸುವ ‘ಕಲೋಕ್ವಿಯಲ್’, ಸ್ವಗತವೆಂಬ ‘ಸೊಲಿಲಕ್ವಿ’ ಕೂಡ ಅದೇ ಮನೆಯವು. ಸೋಜಿಗವೆಂದರೆ, ನಮ್ಮ ವಾಗ್ಮಿ, ವಾಚಾಳಿಗಳೂ ಒಂದೇ ‘ವಾಕ್’ನಿಂದ ಹುಟ್ಟಿ, ಒಂದು ಹೊಗಳಿಕೆಯಾಗಿ, ಇನ್ನೊಂದು ತೆಗಳಿಕೆಯಾಗಿ ಉಳಿದಿವೆ. ಆಹಾರ, ವಿಹಾರ, ಸಂಹಾರ, ಪರಿಹಾರಗಳ ಉಪಸರ್ಗಗಳನ್ನು ಪ್ರೌಢಶಾಲೆಯಲ್ಲಿ ಬಿಡಿಸಿದ್ದ ನನಗೆ, ‘ನೋಡು’ ಎಂಬರ್ಥದ ಲ್ಯಾಟಿನ್ ಧಾತುವಿನ ಇನ್‌ಸ್ಪೆಕ್ಟ್, ರೆಸ್ಪೆಕ್ಟ್, ಪ್ರಾಸ್ಪೆಕ್ಟ್‌ಗಳನ್ನು ಹಾಗೆಯೇ ಬಿಡಿಸಬಹುದೆಂದು ಯಾರೂ ಹೇಳಿರಲಿಲ್ಲ.

ಆದರೂ ಧಾತು ಅರ್ಥದ ಹೊಸ್ತಿಲವರೆಗಷ್ಟೇ ಕರೆದೊಯ್ಯುತ್ತದೆ. ಪದ ಯಾರ ಜೊತೆ ಕೂರುತ್ತದೆಂಬುದು ಓದಿನಿಂದಲೇ ತಿಳಿಯಬೇಕು. ‘ಹೆವಿ ರೇನ್’ ಸರಿ, ‘ಹೆವಿ ವಿಂಡ್’ಗಿಂತ ‘ಸ್ಟ್ರಾಂಗ್ ವಿಂಡ್’ ಸಹಜ. ಹಾಗಾಗಿ ಈಗ ನನ್ನ ಟಿಪ್ಪಣಿ ಪುಸ್ತಕದಲ್ಲಿ ಬಿಡಿ ಪದವನ್ನು ಬರೆಯುವುದಿಲ್ಲ, ಅದು ಸಿಕ್ಕಿದ ಇಡೀ ವಾಕ್ಯವನ್ನು ಬರೆಯುತ್ತೇನೆ. ನಿನ್ನೆ ಬರೆದುಕೊಂಡದ್ದು ‘ಸರ್ಕಮ್‌ಸ್ಪೆಕ್ಟ್’ ಇರುವ ವಾಕ್ಯ: ಸುತ್ತಲೂ ನೋಡಿ ಹೆಜ್ಜೆಯಿಡುವವನು.