ಗ್ಲಿಸರಿನ್ನಿನ ಅಣುಗಳೂ ಸೂರ್ಯನ್ ಅವರ ಹೆಸರೂ

ದೊಡ್ಡ ಅಯಸ್ಕಾಂತದೊಳಗೆ ದ್ರವವನ್ನಿಟ್ಟು ಅದರ ಅಣುಗಳ ಚಲನೆಯನ್ನು ಅಳೆಯುವುದು ನನ್ನ ಕೆಲಸ. ಅದನ್ನು ಶ್ರದ್ಧೆಯಿಂದ ಕೇಳಿಸಿಕೊಂಡ ಕೆಳಮನೆಯ ಹತ್ತು ವರ್ಷದ ಹುಡುಗ ಮೊನ್ನೆ, “ನಿಮ್ಮ ದೇಶದಲ್ಲಿ ಇಂಥ ಅಯಸ್ಕಾಂತ ಇಲ್ಲವಾ?” ಎಂದು ಕೇಳಿದ. ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಆದರೂ ನನಗೆ ನೋವಾಯಿತು.

ಜರ್ಮನಿಯ ಈ ಡಾರ್ಮ್‌ಸ್ಟಾಟ್‌ನಲ್ಲಿ ನಾನು ಅಧ್ಯಯನ ಮಾಡುತ್ತಿರುವುದು, ಬಾಯಿಹುಣ್ಣಾದಾಗ ಅಮ್ಮ ಹತ್ತಿಯಲ್ಲಿ ಅದ್ದಿ ಹಚ್ಚುತ್ತಿದ್ದ ಗ್ಲಿಸರಿನ್ನನ್ನೇ. ಅದರ ಕರಗುವ ಬಿಂದು ಸುಮಾರು 18 ಡಿಗ್ರಿ ಸೆಲ್ಸಿಯಸ್ ಆದರೂ, ತಣಿಸುತ್ತ ಹೋದರೆ ಅದು ಸುಲಭಕ್ಕೆ ಹರಳುಗಟ್ಟುವುದಿಲ್ಲ. ಮಂದವಾಗುತ್ತ ಮಂದವಾಗುತ್ತ ಮೈನಸ್ 83 ಡಿಗ್ರಿಯ ಆಸುಪಾಸಿನಲ್ಲಿ ಗಾಜಾಗುತ್ತದೆ, ಅಂದರೆ ಹರಳಿನ ಕ್ರಮವಿಲ್ಲದೆಯೇ ಗಟ್ಟಿಯಾಗುತ್ತದೆ. ಕೋಣೆಯ ಉಷ್ಣತೆಯಲ್ಲಿ ಅದರ ಅಣುವೊಂದು ಹೊರಳಲು ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದಷ್ಟು ಸಮಯ ಸಾಕು. ಗಾಜಾಗುವ ಹೊತ್ತಿಗೆ ಸುಮಾರು 100 ಸೆಕೆಂಡು ಬೇಕು. ಅಣುಗಳ ಜೋಡಣೆಯಾದರೋ ಹೆಚ್ಚೇನೂ ಬದಲಾಗಿರುವುದಿಲ್ಲ. ಹಾಗಿದ್ದೂ ಚಲನೆ ಇಷ್ಟು ನಿಧಾನವಾಗುವುದೇಕೆ ಎಂಬುದಕ್ಕೆ ಎಲ್ಲರೂ ಒಪ್ಪುವ ಉತ್ತರ ಇನ್ನೂ ದೊರೆತಿಲ್ಲ, ನನ್ನನ್ನು ಇಲ್ಲಿ ಹಿಡಿದಿಟ್ಟಿರುವುದು ಅದೇ.

ಹೈಡ್ರೋಜನ್ನಿನ ಜಾಗದಲ್ಲಿ ಅದರದೇ ಭಾರವಾದ ರೂಪವಾದ ಡ್ಯೂಟೀರಿಯಂ ಸೇರಿಸಿದ ಗ್ಲಿಸರಿನ್ನನ್ನು ಅಯಸ್ಕಾಂತದ ಕಾಂತಕ್ಷೇತ್ರದಲ್ಲಿಟ್ಟಾಗ, ಡ್ಯೂಟೀರಿಯಂನ ನ್ಯೂಕ್ಲಿಯಸ್ (ಪರಮಾಣುವಿನ ಬೀಜ) ರೇಡಿಯೋ ಅಲೆಗೆ ಅನುರಣಿಸುವ ಆವರ್ತನವು ಅದರ ರಾಸಾಯನಿಕ ಬಂಧ ಯಾವ ದಿಕ್ಕಿಗೆ ವಾಲಿದೆ ಎಂಬುದಕ್ಕೆ ತಕ್ಕಂತೆ ತುಸು ಬದಲಾಗುತ್ತದೆ. ರೇಡಿಯೋ ಸ್ಪಂದಗಳಿಂದ ಆ ಆವರ್ತನವನ್ನು ಗುರುತಿಸಿಕೊಂಡು, ಕೊಂಚ ಕಾದು, ಮತ್ತೆ ನೋಡುತ್ತೇವೆ. ಅಣುಗಳು ಹೊರಳಿದಷ್ಟೂ ಮರಳಿ ಬರುವ ಸಂಕೇತ, ಅಂದರೆ ಪ್ರತಿಧ್ವನಿ, ಕುಗ್ಗುತ್ತದೆ.

ಅಮೆರಿಕದಲ್ಲಿ ಭೌತವಿಜ್ಞಾನಿಗಳಾದ ಬ್ಲಾಕ್ ಮತ್ತು ಪರ್ಸೆಲ್ ನ್ಯೂಕ್ಲಿಯಸ್‌ಗಳ ಈ ಅನುರಣನವನ್ನು 1946ರಲ್ಲಿ ಪ್ರಕಟಿಸಿದ ಐದೇ ವರ್ಷಕ್ಕೆ, ಅವರಿಗೆ ನೊಬೆಲ್ ಬರುವುದಕ್ಕೂ ಮೊದಲೇ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು ಹರಿಯುವ ದ್ರವದಲ್ಲಿ ಅದನ್ನು ಅಳೆದಿದ್ದರು. ಹರಿವು ಹೊಸ ನ್ಯೂಕ್ಲಿಯಸ್‌ಗಳನ್ನು ಸಂಕೇತ ಹಿಡಿಯುವ ತಂತಿಸುರುಳಿಯೊಳಕ್ಕೆ ತರುತ್ತಿದ್ದಂತೆ ಸಂಕೇತ ಹೆಚ್ಚುತ್ತದೆಂದು ಅವರು 1951ರಲ್ಲಿ ತೋರಿಸಿಕೊಟ್ಟರು. ಅವರು ಕಂಡದ್ದು ಇಡೀ ದ್ರವದ ಹರಿವನ್ನು, ನಾವು ಹುಡುಕುತ್ತಿರುವುದು ಒಂದೊಂದು ಅಣುವಿನ ಹೊರಳಾಟವನ್ನು. ಆದರೆ ನ್ಯೂಕ್ಲಿಯಸ್ಸಿನ ಸಂಕೇತದಿಂದ ದ್ರವದ ಚಲನೆಯನ್ನು ಓದಬಹುದೆಂಬ ವಿಚಾರ ಎರಡರಲ್ಲೂ ಒಂದೇ. ಹುಡುಗನಿಗೆ ಇಷ್ಟನ್ನೂ ಹೇಳಿದೆ. ಅವನು ಹೆಮ್ಮೆಯಿಂದ ತಂದೆಗೂ ಒಪ್ಪಿಸಿದ.

ನನ್ನ ನೋವಿಗೆ ಕಾರಣ ಅವನಲ್ಲ. ಮಲ್ಲೇಶ್ವರದಿಂದ ಯಶವಂತಪುರಕ್ಕೆ ಬಸ್ಸಿನಲ್ಲಿ ಹೋಗುವಾಗ ಆ ವಿಜ್ಞಾನ ಸಂಸ್ಥೆಯದೇ ಇನ್ನೊಂದು ಹೆಸರಾದ “ಟಾಟಾ ಇನ್‌ಸ್ಟಿಟ್ಯೂಟ್” ನಿಲ್ದಾಣವನ್ನು ಅದೆಷ್ಟೋ ಸಲ ದಾಟಿದ ನಾನು, ಸೂರ್ಯನ್ ಅವರ ಹೆಸರನ್ನು ಮೊದಲು ಓದಿದ್ದು ಈ ದೇಶದ ಗ್ರಂಥಾಲಯದಲ್ಲಿ. ನಮ್ಮ ತರಗತಿಯಲ್ಲಿ ಬ್ಲಾಕ್ ಇದ್ದರು, ಪರ್ಸೆಲ್ ಇದ್ದರು; ಕೂಗಳತೆಯ ದೂರದಲ್ಲಿ ನಡೆದ ಪ್ರಯೋಗದ ಬಗ್ಗೆ ಒಂದು ಸಾಲೂ ಇರಲಿಲ್ಲ. ಬೆಂಗಳೂರಿನಲ್ಲಿ ಭೌತಶಾಸ್ತ್ರ ಕಲಿಸುತ್ತಿರುವ ನನ್ನ ಸಹಪಾಠಿಗಳಿಗೆ ಆ ಪ್ರಬಂಧವನ್ನು ಈ ವಾರ ಕಳುಹಿಸಿದ್ದೇನೆ, ಅನುರಣನದ ಪಾಠವನ್ನು ಅಲ್ಲಿಂದಲೇ ಆರಂಭಿಸಿರೆಂದು ಕೇಳಿಕೊಂಡಿದ್ದೇನೆ.